ಒಂದೂವರೆಯಿಂದ ಮೂರರ ಬಿಸಿಲು

ನಮ್ಮ ಮನೆಯ ಹಳೆಯ ಆಲ್ಬಮ್ಮನ್ನು ಹೊಸಬರು ಯಾರಾದರೂ ತಿರುವಿಹಾಕಿದರೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಪಾಪ, ನಿಮ್ಮ ಮನೆ ಮಕ್ಕಳಿಗೆಲ್ಲ ಕಣ್ಣಿನ ತೊಂದರೆ ಇತ್ತಾ?" ಇರಲಿಲ್ಲ ಸ್ವಾಮಿ! ನಮಗಿದ್ದ ತೊಂದರೆ ಚಿಕ್ಕಪ್ಪ. ಆ ಕಾಲದ ರಾಜಾಜಿನಗರದಲ್ಲಿ ಮಕ್ಕಳ ಫೋಟೋ ತೆಗೆಯುವುದರಲ್ಲಿ ಅವರನ್ನು ಮೀರಿಸುವವರೇ ಇರಲಿಲ್ಲ. ಅಂದರೆ, ನಮ್ಮ ಬೀದಿಯಲ್ಲಿ ಬೇರೆ ಯಾರ ಹತ್ತಿರವೂ ಕ್ಯಾಮೆರಾ ಇರಲಿಲ್ಲ ಅಂತ ಅರ್ಥ. ಅವರು ತೆಗೆದ ಫೋಟೋಗಳಲ್ಲಿ ನಮ್ಮ ಹಲ್ಲು ಕಾಣಿಸುತ್ತದೆ, ಮೂಗಿನ ಸುಕ್ಕು ಕಾಣಿಸುತ್ತದೆ, ಎಣ್ಣೆ ಹಚ್ಚಿ ಬಾಚಿದ ಕ್ರಾಪು ಫಳಫಳ ಹೊಳೆಯುತ್ತದೆ. ಕಣ್ಣು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಅದೊಂದು ಡಬ್ಬ ಕ್ಯಾಮೆರಾ. ಅವರ ಆಫೀಸಿನ ದೊಡ್ಡ ಸಾಹೇಬರು ನಿವೃತ್ತರಾಗಿ ಊರು ಬಿಡುವಾಗ ಪ್ರೀತಿಯಿಂದ ಕೊಟ್ಟು ಹೋಗಿದ್ದು. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿರುವ ಅಂಗೈಗಿಂತ ಚಿಕ್ಕ ಗಾಜಿನೊಳಗೆ ನೋಡಿ ಫೋಟೋ ತೆಗೆಯಬೇಕು. ಒಂದು ರೋಲಿಗೆ ಎಂಟೇ ಚಿತ್ರ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕದ ಮೊದಲ ಪುಟದಲ್ಲೇ ಬರೆದಿತ್ತಂತೆ: ಒಳ್ಳೆಯ ಬಿಸಿಲಿರಲಿ, ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಚಿಕ್ಕಪ್ಪ ದೇವರ ಮುಂದೆ ದೀಪ ಹಚ್ಚುವುದನ್ನು ಮರೆತಾರು, ಈ ಮಾತನ್ನು ಮರೆಯಲಿಲ್ಲ. ಸೂರ್ಯ ಅವರ ಬೆನ್ನ ಹಿಂದಿದ್ದರೆ ನಮ್ಮ ಮುಖಕ್ಕೆ ಏನಾಗುತ್ತದೆ ಎಂದು ಆ ಪುಸ್ತಕ ಬರೆದವನಿಗೂ ಹೊಳೆದಿರಲಿಲ್ಲ ಕಾಣುತ್ತದೆ.

ಸರಿ, ಎಳೆ ಬಿಸಿಲಲ್ಲಿ ತೆಗೆಯಬಹುದಿತ್ತಲ್ಲ ಅನ್ನುತ್ತೀರಾ? ನಿಮಗೆ ನಮ್ಮ ಅಜ್ಜಿ ಗೊತ್ತಿಲ್ಲ! ಅಜ್ಜಿ ಅಂದರೆ ಚಿಕ್ಕಪ್ಪನ ತಾಯಿ, ಮನೆಯ ಪಂಚಾಂಗ. ಚಿಕ್ಕಪ್ಪನಿಗೆ ರಜೆ ಭಾನುವಾರ ಮಾತ್ರ. ಬೆಳಗ್ಗೆ ಮಕ್ಕಳಿಗೆಲ್ಲ ಎಣ್ಣೆನೀರು. ಅದು ಮುಗಿದು ತಲೆ ಒಣಗುವ ಹೊತ್ತಿಗೆ ಹನ್ನೆರಡು. ಹನ್ನೆರಡರಿಂದ ಒಂದೂವರೆ ಯಮಗಂಡಕಾಲ. ಮೂರರಿಂದ ನಾಲ್ಕೂವರೆ ಗುಳಿಕಕಾಲ. ಆಮೇಲೆ ಕತ್ತಲಾಗುವತನಕ ರಾಹುಕಾಲ.

"ಫೋಟೋ ತೆಗೆದ್ರೆ ಆಯಸ್ಸು ಕಮ್ಮಿಯಾಗತ್ತೆ ಅಂತಾರೆ. ಹೋಗ್ಲಿ, ಒಳ್ಳೆ ಹೊತ್ತಲ್ಲಾದ್ರೂ ತೆಗಿಯೋ" ಎನ್ನುತ್ತಿದ್ದಳು ಅಜ್ಜಿ.

ಹಾಗೆ ಕಳೆದೂ ಕಳೆದೂ ಉಳಿದ ಒಳ್ಳೆ ಹೊತ್ತು ಒಂದೂವರೆಯಿಂದ ಮೂರು. ನೆತ್ತಿ ಸುಡುವ ಹೊತ್ತು! ಆಗ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಮರ ಅಂತ ಹೇಳಿಕೊಳ್ಳಲು ಮುಳ್ಳಿನ ಬೇಲಿಯೊಳಗೆ ಮೊಣಕಾಲೆತ್ತರದ ಹೊಂಗೆ ಸಸಿಗಳಿದ್ದವು. ನಾವು ಏಳೆಂಟು ಮಕ್ಕಳು ಹೊಟ್ಟೆ ತುಂಬ ಉಂಡು, ಬರಿಗಾಲಲ್ಲಿ ಕಾದ ಮಣ್ಣಿನ ಮೇಲೆ ಸಾಲಾಗಿ ನಿಂತು, ಒಂದೊಂದೇ ಕಾಲು ಎತ್ತಿ ಇಳಿಸುತ್ತಿದ್ದೆವು. ಚಿಕ್ಕಪ್ಪ ಮಾತ್ರ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಆರಾಮಾಗಿರುತ್ತಿದ್ದರು.

ಒಂದು ಸಲ ಅವರೇ ಒಂದು ಉಪಾಯ ಹೂಡಿದರು. "ಎಲ್ಲರೂ ಕಣ್ಣು ಮುಚ್ಕೊಳ್ಳಿ. ನಾನು ಮೂರು ಅಂದ ತಕ್ಷಣ ಬಿಡಿ." ಒಂದು, ಎರಡು, ಮೂರು! ಎಂಟು ಜೊತೆ ಕಣ್ಣು ಒಟ್ಟಿಗೆ ತೆರೆದವು. ಚಿಕ್ಕಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, "ಭೇಷ್! ಭೇಷ್!" ಎಂದು ಗಾಜಿನೊಳಗೇ ನೋಡುತ್ತ ನಿಂತುಬಿಟ್ಟರು. ಒತ್ತುವುದು ನೆನಪಾಗುವ ಹೊತ್ತಿಗೆ ಎಲ್ಲ ಕಣ್ಣೂ ಮುಚ್ಚಿಹೋಗಿದ್ದವು.

ಇನ್ನೊಂದು ಸಲ ರೋಲಿನ ಕೀಲಿ ತಿರುಗಿಸುವುದನ್ನು ಮರೆತು, ನನ್ನ ತಮ್ಮನ ಫೋಟೋದ ಮೇಲೆಯೇ ಬೀದಿಯಲ್ಲಿ ಹೋಗುತ್ತಿದ್ದ ಎಮ್ಮೆಯ ಫೋಟೋ ತೆಗೆದರು. ತೊಳೆಸಿ ತಂದು ನೋಡಿದರೆ ತಮ್ಮನಿಗೆ ಎರಡು ಕೊಂಬು! ಅವನು ಗೊಳೋ ಅಂತ ಅತ್ತ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದೊಂದು ಮಾತ್ರ ಥೇಟ್ ಇವನ ಹಾಗೇ ಬಂದಿದೆ ಕಣೋ" ಎಂದಳು.

ಹೀಗೆ ನಗುನಗುತ್ತ ನಡೆಯುತ್ತಿದ್ದ ಕಸುಬು ಒಂದು ದಿನ ಗಂಭೀರವಾಯಿತು. ನಮ್ಮ ಹಿಂದಿನ ಮನೆಯಲ್ಲಿ ಗೌರಮ್ಮ ಎಂಬಾಕೆ ಇದ್ದಳು. ಲಗ್ಗೆರೆ ಕಡೆಯ ಒಕ್ಕಲಿನ ಮನೆಯವಳು. ಗಂಡ ಮಿಲಿಟರಿಯಲ್ಲಿ, ದೂರದ ಕಾಶ್ಮೀರದ ಕಡೆ. ಅವನು ಹೊರಟಾಗ ಇವಳು ಬಸುರಿ. ಈಗ ಮಗ ಪುಟ್ಟನಿಗೆ ಒಂದೂವರೆ ವರ್ಷ. ಎರಡು ಸಲ ರಜೆ ಸಿಕ್ಕಿದ ಹಾಗಾಗಿ ತಪ್ಪಿಹೋಗಿತ್ತು. ಅವಳಿಗೆ ಬರುವ ಕಾಗದಗಳನ್ನು ಓದಿ ಹೇಳುವ ಕೆಲಸ ಹತ್ತು ವರ್ಷದ ನನ್ನದು. ಆ ಸಲದ ಕಾಗದದಲ್ಲಿ ಹೀಗಿತ್ತು: 'ನಾನು ಬಂದಾಗ ಮಗು ನನ್ನ ಗುರುತು ಹಿಡಿಯುವುದಿಲ್ಲ, ಅದು ಗೊತ್ತು. ನಾನಾದರೂ ಅವನ ಗುರುತು ಹಿಡಿಯಬೇಡವೇ? ಬೀದಿಯಲ್ಲಿ ಎದುರಿಗೆ ಬಂದರೆ ಯಾರ ಮಗು ಅಂತ ಕೇಳುವ ಹಾಗಾಗಬಾರದು. ಒಂದು ಫೋಟೋ ಕಳಿಸು.'

"ಇನ್ನೊಂದ್ಸಲ ಓದವ್ವಾ" ಎಂದಳು ಗೌರಮ್ಮ. ಓದಿದೆ.

ಮೆಜೆಸ್ಟಿಕ್ಕಿನ ಕಡೆ ಒಂದು ಸ್ಟುಡಿಯೋಗೂ ಹೋಗಿಬಂದಳು. ಫೋಟೋದವನು ತಲೆಯ ಮೇಲೆ ಕರಿ ಬಟ್ಟೆ ಹೊದ್ದುಕೊಂಡ ಕೂಡಲೇ ಪುಟ್ಟ ಕಿರುಚಿಕೊಂಡ ರಭಸಕ್ಕೆ ಅಕ್ಕಪಕ್ಕದ ಅಂಗಡಿಯವರೆಲ್ಲ ಓಡಿಬಂದರಂತೆ. ಕೊನೆಗೆ ನಮ್ಮ ಮನೆಯ ಮುಂದೆ ನಿಂತಳು. "ಅಣ್ಣಾ, ನಿಮ್ ಡಬ್ಬದಾಗೆ ನಮ್ ಪುಟ್ಟಂದೊಂದು ಪೋಟ ತೆಕ್ಕೊಡ್ತೀರಾ?"

ಚಿಕ್ಕಪ್ಪನಿಗೆ ಇಂಥ ದೊಡ್ಡ ಕೆಲಸವನ್ನು ಯಾರೂ ವಹಿಸಿರಲಿಲ್ಲ. ಪಂಚೆಯ ತುದಿಯಿಂದ ಕ್ಯಾಮೆರಾದ ಗಾಜನ್ನು ಒರೆಸಿಯೇ ಒರೆಸಿದರು. ಮೊದಲ ಭಾನುವಾರ ಎರಡು ಗಂಟೆಗೆ ಪುಟ್ಟನನ್ನು ನಿಲ್ಲಿಸಿ ಒತ್ತಿದರು. ಪ್ರಿಂಟು ಬಂತು. ಗೌರಮ್ಮ ನೋಡಿದಳು.

"ಚೆಂದಾಗೈತೆ ಅಣ್ಣಾ... ಕಣ್ಣು?"

"ಕಣ್ಣಿಗೇನಮ್ಮ, ಇದಾವೆ. ಒಳಗಿದಾವೆ."

ಎರಡನೆಯ ಭಾನುವಾರ ನಾನು ಪಕ್ಕದಲ್ಲಿ ನಿಂತು ಗಿಲಕಿ ಆಡಿಸಿದೆ. ಪುಟ್ಟ ಕಣ್ಣೇನೋ ಬಿಟ್ಟ, ಆದರೆ ಬಿಸಿಲು ಮೂಗಿಗೆ ಬಡಿದು ಒತ್ತುವ ಹೊತ್ತಿಗೆ ಸರಿಯಾಗಿ ಸೀನಿದ. ಮೂರನೆಯ ಭಾನುವಾರ ಉಂಡ ಮಂಪರಿನಲ್ಲಿ ನಿಂತಲ್ಲೇ ತೂಕಡಿಸಿದ. ಅಷ್ಟರಲ್ಲಿ ಇನ್ನೊಂದು ಕಾಗದ ಬಂತು. ತನ್ನನ್ನು ಬೆಟ್ಟದ ಇನ್ನೂ ಮೇಲಿನ ಠಾಣೆಗೆ ಕಳಿಸುತ್ತಿದ್ದಾರೆ, ಹಿಮ ಬಿದ್ದರೆ ಅಲ್ಲಿಗೆ ಟಪಾಲು ಬರುವುದಿಲ್ಲ, ಕಳಿಸುವುದಾದರೆ ಬೇಗ ಕಳಿಸು ಎಂದಿತ್ತು. ಗೌರಮ್ಮ ಕಾಗದ ಮಡಿಸಿ ಸೆರಗಿಗೆ ಕಟ್ಟಿಕೊಂಡು ಹೋದಳು. ಚಿಕ್ಕಪ್ಪ ಎರಡು ದಿನ ಆ ಇಂಗ್ಲಿಷ್ ಪುಸ್ತಕವನ್ನೇ ತಿರುವಿಹಾಕಿದರು. ಆಮೇಲೆ ಹಾಕಿದ್ದ ಹೊಸ ರೋಲಿನಲ್ಲೂ ಉಳಿದಿದ್ದು ಒಂದೇ ಫೋಟೋ.

ನಾಲ್ಕನೆಯ ಭಾನುವಾರ ಎರಡು ಗಂಟೆಗೆ ಚಿಕ್ಕಪ್ಪ ಕ್ಯಾಮೆರಾ ಎತ್ತಿಕೊಂಡು ಹೊರಟರೆ ಅಜ್ಜಿ ತಡೆದಳು.

"ಲೋ, ತಾಳು. ಮೂರು ಗಂಟೆ ಕಳೀಲಿ."

"ಅಮ್ಮಾ! ಗುಳಿಕಕಾಲ ಅಲ್ವೇನಮ್ಮ?"

"ಅದಕ್ಕೇ ಹೇಳಿದ್ದು. ಆ ಹೊತ್ತಲ್ಲಿ ಏನು ಮಾಡಿದ್ರೂ ಅದು ಮತ್ತೆ ಮತ್ತೆ ಆಗತ್ತಂತೆ. ಅಪ್ಪ ಮಗನ್ನ ಮತ್ತೆ ಮತ್ತೆ ನೋಡ್ಲಿ."

ನಾಲ್ಕು ಗಂಟೆಯ ಸುಮಾರಿಗೆ ಪುಟ್ಟ ನಿದ್ದೆ ಮುಗಿಸಿ, ಹಾಲು ಕುಡಿದು, ರಾಜನ ಹಾಗೆ ಎದ್ದು ಬಂದ. ಅಜ್ಜಿ ತಾನೇ ಅವನನ್ನು ಜಗಲಿಯ ಮೇಲೆ ಬಿಸಿಲು ಒಂದು ಪಕ್ಕಕ್ಕೆ ಬೀಳುವ ಹಾಗೆ ಕೂರಿಸಿದಳು. ಚಿಕ್ಕಪ್ಪ ಒದ್ದಾಡಿಹೋದರು. "ಸೂರ್ಯ ಬೆನ್ನ ಹಿಂದೆ ಇರ್ಬೇಕಮ್ಮ. ಪುಸ್ತಕದಲ್ಲಿ..."

"ನಾನು ಪಂಚಾಂಗ ಬಿಟ್ಟೆ. ನಿಂಗೆ ಆ ಪುಸ್ತಕ ಬಿಡೋಕೇನೋ ಕಷ್ಟ?"

ಹಾಗೆಂದವಳು ಸುಮ್ಮನಿರದೆ, ದೃಷ್ಟಿಯಾದೀತೆಂದು ಮಗುವಿನ ಕೆನ್ನೆಗೆ ಹುಣಸೆಬೀಜದಷ್ಟು ದೊಡ್ಡ ಕಾಡಿಗೆ ಬೊಟ್ಟು ಇಟ್ಟಳು. ಚಿಕ್ಕಪ್ಪ ಉಸಿರು ಹಿಡಿದು ಒತ್ತಿದರು. ಪ್ರಿಂಟು ಬಂದ ದಿನ ಮನೆಯವರೆಲ್ಲ ಮುಗಿಬಿದ್ದು ನೋಡಿದೆವು. ಕಣ್ಣು! ಎರಡು ದೊಡ್ಡ ದೊಡ್ಡ ಕಣ್ಣು! ಗೌರಮ್ಮ ಚಿಕ್ಕಪ್ಪನ ಕಾಲಿಗೆ ಬಗ್ಗಿದಳು. ಚಿಕ್ಕಪ್ಪ ನಾಚಿಕೊಂಡು ಹಿತ್ತಿಲಿಗೆ ಓಡಿದರು.

ಹಿಮ ಬೀಳುವ ಮೊದಲೇ ಫೋಟೋ ತಲುಪಿತ್ತು. ತಿಂಗಳುಗಳ ಮೇಲೆ ಉತ್ತರ ಬಂತು. ಜೊತೆಯವರೆಲ್ಲ ನೋಡಿ ಮೆಚ್ಚಿದರಂತೆ. 'ಕೆನ್ನೆಯ ಮೇಲಿನ ಮಚ್ಚೆ ನೋಡಿ ಬಹಳ ಸಂತೋಷವಾಯಿತು. ನಮ್ಮ ತಾತನಿಗೂ ಅಲ್ಲೇ ಇತ್ತು. ಇನ್ನು ಸಾವಿರ ಮಕ್ಕಳ ನಡುವೆ ಇದ್ದರೂ ಕಂಡುಹಿಡಿಯುತ್ತೇನೆ.' ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅದು ಕಾಡಿಗೆ ಅಂತ ಬರೆಯಲೇ ಎಂದು ಗೌರಮ್ಮನನ್ನು ಕೇಳಿದೆ.

"ಬ್ಯಾಡ ಕಣವ್ವಾ. ಅಷ್ಟು ದೂರದಾಗೆ ಒಬ್ರೇ ಕುಂತು ಕುಸಿಪಡ್ತಾವ್ರೆ. ಇರ್ಲಿ ಬಿಡು" ಎಂದಳು.

ಮುಂದಿನ ವರ್ಷ, ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ. ಪಂಚಾಂಗವೂ ಪುಸ್ತಕವೂ ಮತ್ತೆ ಜಾರಿಗೆ ಬಂದಿದ್ದವು. ಎರಡು ಗಂಟೆಯ ಬಿಸಿಲಿಗೆ ಮುಖ ಒಡ್ಡಿ, ಕಣ್ಣು ಕಿರಿದು ಮಾಡಿಕೊಂಡು ನಾವು ಎಂಟು ಮಕ್ಕಳು ನಿಂತಿದ್ದೆವು. ಪುಟ್ಟನೂ ಇದ್ದ, ಕೊನೆಯಿಂದ ಮೂರನೆಯವನು. ಖಾಲಿ ಸೈಟುಗಳ ನಡುವೆ ಹೆಗಲ ಮೇಲೆ ಟ್ರಂಕು ಹೊತ್ತ ಒಬ್ಬ ಮನುಷ್ಯ ಬರುವುದು ರೆಪ್ಪೆಯ ಸಂದಿನಿಂದ ನನಗೆ ಕಾಣಿಸಿತು. ಖಾಕಿ ಬಟ್ಟೆ. ಅವನು ಬಂದು ಚಿಕ್ಕಪ್ಪನ ಪಕ್ಕದಲ್ಲಿ ನಿಂತ.

"ಸ್ವಲ್ಪ ಆಚೆ ಬನ್ನಿ ಸಾರ್, ನೆರಳು ಬೀಳ್ತಾ ಇದೆ" ಎಂದರು ಚಿಕ್ಕಪ್ಪ, ತಲೆ ಎತ್ತದೆ.

ಅವನು ಆಚೆ ಹೋಗಲಿಲ್ಲ. ಟ್ರಂಕು ಇಳಿಸಿ ನೇರ ನಮ್ಮ ಕಡೆಗೇ ಬಂದ. ಯಾರೆಂದು ನನಗೆ ತಿಳಿದುಹೋಯಿತು. ಅಯ್ಯೋ, ಹೇಗೆ ಗುರುತು ಹಿಡಿಯುತ್ತಾನೆ? ಪುಟ್ಟನ ಕೆನ್ನೆಯ ಮೇಲೆ ಮಚ್ಚೆಯಿಲ್ಲ. ಕಣ್ಣಂತೂ ನಮ್ಮ ಎಂಟು ಜನರಿಗೂ ಇಲ್ಲ! 'ಇವನೇ' ಎಂದು ಕೂಗಬೇಕೆನ್ನಿಸಿತು. ಕೂಗಬಾರದು ಅಂತಲೂ ಅನ್ನಿಸಿತು.

ಅವನು ಒಂದೊಂದೇ ಮುಖ ನೋಡುತ್ತ ಬಂದ. ನನ್ನನ್ನು ದಾಟಿದ. ತಮ್ಮನನ್ನು ದಾಟಿದ. ಪುಟ್ಟನ ಮುಂದೆ ನಿಂತ. ಅಲ್ಲಿಂದ ಮುಂದೆ ಹೋಗಲಿಲ್ಲ. ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತ. ಅವನ ನೆರಳು ಪುಟ್ಟನ ಮುಖದ ಮೇಲೆ ಬಿತ್ತು, ಬಿಸಿಲು ಮರೆಯಾಗಿ ಪುಟ್ಟ ಕಣ್ಣು ಬಿಟ್ಟ. ಪೂರ್ತಿ, ದೊಡ್ಡದಾಗಿ.

"ಪುಟ್ಟ ಅಲ್ವೇನಪ್ಪಾ ನೀನು?"

ಪುಟ್ಟ ಹೂಂ ಎಂದು ತಲೆಯಾಡಿಸಿದ.

"ಚಿಕ್ಕಪ್ಪಾ, ಕಣ್ಣು ಬಿಟ್ಟಿದಾನೆ! ಒತ್ತಿ, ಒತ್ತಿ!" ಎಂದು ನಾನು ಕಿರುಚಿದೆ. ಚಿಕ್ಕಪ್ಪ ಒತ್ತಲಿಲ್ಲ. ಮತ್ತೆ ಮರೆತರೇನೋ ಎಂದು ಸಿಟ್ಟು ಬಂದು ಅವರ ಹತ್ತಿರ ಓಡಿದೆ. ಅವರು ತಲೆ ಬಗ್ಗಿಸಿಕೊಂಡೇ ನಿಂತಿದ್ದರು. ಕ್ಯಾಮೆರಾದ ಚಿಕ್ಕ ಗಾಜಿನ ಮೇಲೆ ನೀರು ನಿಂತಿತ್ತು.

"ಏನೂ ಕಾಣಿಸ್ತಾ ಇಲ್ಲ ಕಣೇ" ಎಂದರು.

ನನ್ನ ಲಂಗದ ಅಂಚಿನಿಂದ ಗಾಜನ್ನು ಒರೆಸಿದೆ. ಅದು ಮತ್ತೆ ಒದ್ದೆಯಾಯಿತು.