ಗೌಡರ ಹಾಯಿದೋಣಿ ಮತ್ತು ದಾರಿ ಹೇಳುವ ಸಾಫ್ಟ್‌ವೇರು

ಮೊಬೈಲಿನಲ್ಲಿ ಹಾಯಿದೋಣಿ ಓಡಿಸುವವರ ನಡುವೆ ಅಂಗಡಿ ಇಟ್ಟುಕೊಂಡವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನನ್ನದು ಮದ್ದೂರಿನಲ್ಲಿ ಟೈಲರ್ ಅಂಗಡಿ. ಆಟ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಾಯಿದೋಣಿ ಅಂದರೆ ಬಟ್ಟೆಗೆ ಗಾಳಿ ತುಂಬಿಕೊಂಡು ಓಡುವ ದೋಣಿ. ಇದು ಓಡುವುದು ಫೋನಿನೊಳಗೆ. ಸಮುದ್ರ ಸುಳ್ಳು, ಗಾಳಿ ಮಾತ್ರ ನಿಜ. ನಿಜವಾದ ಸಮುದ್ರದ ಮೇಲೆ ಇವತ್ತು ಹೇಗೆ ಬೀಸುತ್ತದೋ ಆಟದಲ್ಲೂ ಹಾಗೇ. ದೋಣಿಯನ್ನು ಯಾವ ಕಡೆ ತಿರುಗಿಸಬೇಕೆಂದು ನಾವು ಯೋಚಿಸಬೇಕು. ಆಟವೆಂದರೆ ಆ ಯೋಚನೆಯೇ.

ಈಗ ಅದನ್ನೂ ಮಾಡಿಕೊಡುವ ಸಾಫ್ಟ್‌ವೇರು ಬಂದಿದೆ. ಗಾಳಿಯ ಲೆಕ್ಕ ಹಾಕಿ ದಾರಿಯ ಗೆರೆ ಎಳೆದುಕೊಡುತ್ತದೆ. ನಮ್ಮವರು ಆ ಗೆರೆ ಹಿಡಿದು ಗೆಲ್ಲುತ್ತಾರೆ, ಆಮೇಲೆ ಸಮುದ್ರವನ್ನೇ ಕುಡಿದವರ ಹಾಗೆ ಮಾತಾಡುತ್ತಾರೆ.

ಗಾಳಿಯ ವಾಸನೆ

ಆತಗೂರಿನ ಗೌಡರು ಕಬ್ಬು ಬೆಳೆಯುವವರು. ನಮ್ಮ ಗುಂಪಿನಲ್ಲಿ ಪ್ರತಿ ಸಲವೂ ಅವರೇ ಮೊದಲು. ಗುಟ್ಟೇನು ಎಂದು ಕೇಳಿದೆ.

"ಗಾಳಿ ವಾಸ್ನೇಲೇ ಗೊತ್ತಾಯ್ತದೆ ಕಣ್ಲಾ. ಬೇಸಾಯ ಮಾಡೋನ್ಗೆ ಏಳ್ಕೊಡ್ಬೇಕಾ?"

ಅಷ್ಟರಲ್ಲಿ ಅವರ ಫೋನಿನಲ್ಲಿ ನೆಟ್ ಹೋಯಿತು. ಸಾಫ್ಟ್‌ವೇರಿನ ಗೆರೆ ಅರ್ಧಕ್ಕೇ ನಿಂತಿತು. ಗೌಡರು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆಗೆ ಓಡಿದರು.

ಪಕ್ಕದ ಅಂಗಡಿಯ ಸ್ಕೂಟರ್ ಮೆಕ್ಯಾನಿಕ್ ಭಾಯಿ ಸ್ಪ್ಯಾನರ್ ಕೆಳಗಿಟ್ಟ. "ಗೌಡ್ರ ಮೂಗಿಗೂ ನೆಟ್‌ವರ್ಕ್ ಬೇಕು ಕಣಣ್ಣ," ಅಂದ.

ಒಂದು ಡಿಗ್ರಿ

ಬ್ಲಫ್ ಎಂಬ ಊರಿನ ಕರೆಂಟು ಕೇಂದ್ರದಿಂದ ಪ್ಯಾಂಟು ಹೊಲಿಸಲು ಬರುವ ನೌಕರರೊಬ್ಬರಿದ್ದಾರೆ. ಅವರೂ ಸಾಫ್ಟ್‌ವೇರು ಇಟ್ಟುಕೊಂಡಿದ್ದಾರೆ, ಆದರೆ ತಮ್ಮದು ನ್ಯಾಯದ ಆಟವಂತೆ.

"ಅದು ಹೇಳಿದ ದಿಕ್ಕಿಗಿಂತ ಒಂದು ಡಿಗ್ರಿ ಆಚೆ ತಿರುಗಿಸ್ತೀನಿ. ಹಾಗಾಗಿ ಅದು ನನ್ನ ಸ್ವಂತ ಬುದ್ಧಿ."

ಡಿಗ್ರಿ ಅಂದರೆ ಇಲ್ಲಿ ಕೂದಲೆಳೆಯಷ್ಟು ತಿರುವು. ಆ ಕೂದಲೆಳೆಯಿಂದಲೇ ಅವರ ದೋಣಿ ಒಂದು ದಿನ ದ್ವೀಪದ ಮೇಲೆ ಹತ್ತಿ ಕೂತಿತು.

"ನೋಡಿ, ಸಾಫ್ಟ್‌ವೇರು ದಾರಿ ತಪ್ಪಿಸಿಬಿಡ್ತು," ಎಂದು ನನ್ನ ಹತ್ತಿರ ದೂರಿದರು.

ಗೆದ್ದರೆ ಆ ಒಂದು ಡಿಗ್ರಿ ಅವರದು, ಮುಗ್ಗರಿಸಿದರೆ ಮಿಕ್ಕ ಮುನ್ನೂರ ಐವತ್ತೊಂಬತ್ತೂ ಸಾಫ್ಟ್‌ವೇರಿನದು.

ಮೀಸೆಯ ಪಂದ್ಯ

ಒಂದು ದಿನ ಭಾಯಿ ಗೌಡರನ್ನು ನೇರವಾಗಿಯೇ ಕೇಳಿದ. "ಇದು ಮೋಸ ಅಲ್ವಾ ಗೌಡ್ರೆ?"

"ಆಟ ಮಾಡ್ದೋರೇ ಬ್ಯಾಡ ಅಂದಿಲ್ಲ, ನಿಂದೇನ್ಲಾ?"

"ಎತ್ತಿನ ಗಾಡಿ ಓಟಕ್ಕೆ ಟ್ರ್ಯಾಕ್ಟರ್ ತರಬೇಡಿ ಅಂತ್ಲೂ ಯಾರೂ ಬೋರ್ಡ್ ಹಾಕಿಲ್ಲ. ಒಂದ್ಸಲ ಸಾಫ್ಟ್‌ವೇರ್ ಇಲ್ದೆ ಬನ್ನಿ. ನಾನು ಸೋತ್ರೆ ಸಾಯೋವರ್ಗೂ ನಿಮ್ಮನ್ನ ಕ್ಯಾಪ್ಟನ್ ಸಾಹೇಬ್ರೇ ಅಂತ ಕರೀತೀನಿ."

"ನಾನ್ ಸೋತ್ರೆ ಈ ಮೀಸೆ ಬೋಳುಸ್ತೀನಿ, ಬುಡು!"

ಆ ಮೀಸೆ ಸಾಮಾನ್ಯದ್ದಲ್ಲ. ಬೀಗರ ಮನೆಗೆ ಹೋದಾಗ ಗೌಡರಿಗಿಂತ ಮೊದಲು ಅದೇ ಒಳಗೆ ಹೋಗುತ್ತಿತ್ತು.

ಓಟ ಶುರುವಾಯಿತು. ಗೌಡರು ದೋಣಿಯನ್ನು ನೇರವಾಗಿ ಗುರಿಯ ಕಡೆಗೇ ತಿರುಗಿಸಿದರು. ಗಾಳಿಯೂ ಆ ಕಡೆಯಿಂದಲೇ ಬೀಸುತ್ತಿತ್ತು. ಇಲ್ಲಿ ಒಂದು ಮಾತು ಹೇಳಬೇಕು: ಹಾಯಿದೋಣಿ ಗಾಳಿಗೆ ಎದುರಾಗಿ ನೇರ ಹೋಗುವುದಿಲ್ಲ, ಹಾವಿನ ಹಾಗೆ ಎಡಕ್ಕೂ ಬಲಕ್ಕೂ ಹೊರಳಿಸಿಕೊಂಡೇ ಹೋಗಬೇಕು. ಇದು ಆಟದ ಮೊದಲ ಪಾಠ. ಇಷ್ಟು ದಿನ ಸಾಫ್ಟ್‌ವೇರು ಹೊರಳಿಸುತ್ತಿತ್ತು. ಯಾಕೆಂದು ಗೌಡರು ಒಮ್ಮೆಯೂ ಕೇಳಿರಲಿಲ್ಲ. ದೋಣಿ ನಿಂತಲ್ಲೇ ನಿಂತಿತು.

ಗೌಡರು ಬಂದು ಭಾಯಿಯ ಮುಂದೆಯೇ ಫೋನು ಹಿಡಿದರು. "ಲೇ, ಇದ್ರ ಇಂಜಿನ್ನು ಕೆಟ್ಟದೆ, ವಸಿ ನೋಡ್ಲಾ."

"ಹಾಯಿದೋಣಿಗೆ ಇಂಜಿನ್ ಎಲ್ಲಿಂದ ತರ್ಲಿ ಗೌಡ್ರೆ?"

ಭಾಯಿ ಎಡವುತ್ತಾ ಹೊರಳುತ್ತಾ ಎಲ್ಲರಿಗಿಂತ ಹಿಂದೆ ಗುರಿ ಮುಟ್ಟಿದ. ಆದರೆ ಮುಟ್ಟಿದ. ಗೌಡರ ದೋಣಿ ಮುಟ್ಟಲೇ ಇಲ್ಲ.

ಮಾರನೆಯ ದಿನ ಸಲೂನಿನ ಬಾಗಿಲಲ್ಲಿ ಇಡೀ ಬೀದಿ ಸೇರಿತ್ತು. ಗೌಡರು ಕುರ್ಚಿಯ ಮೇಲೆ ಕೂತು, ಮೀಸೆಯನ್ನು ಕೊನೆಯ ಸಲ ತಿರುವಿ, ಕಣ್ಣು ಮುಚ್ಚಿಕೊಂಡರು.

ಸಲೂನಿನವನು ಕತ್ತಿ ಹಿಡಿದು ಕೇಳಿದ. "ಗೌಡ್ರೆ, ಎಡಗಡೆಯಿಂದ ಸುರು ಮಾಡ್ಲೋ, ಬಲಗಡೆಯಿಂದ್ಲೋ?"

ಗೌಡರು ಕಣ್ಣು ಬಿಟ್ಟು, ಜೇಬಿನಿಂದ ಫೋನು ತೆಗೆದರು.

"ತಡೀಲಾ, ನೋಡ್ ಏಳ್ತೀನಿ."