ಆವಲಪ್ಪನ ಜಪಾನ್ ಚೌಕಾಸಿ

“ಮುಚ್ಚೋ ಬಾಯಿ. ಲೇತ್ ಆಫ್ ಮಾಡು ಅಂದ್ರೆ ಮಾಡ್ಬೇಕು. ಯಜಮಾನ ನಾನಾ, ನೀನಾ?”

“ಯಜಮಾನ್ರು ನೀವೇ ಅಣ್ಣ. ಆದ್ರೆ ಸಂಜೆ ಐದಕ್ಕೆ ಪಂಪ್ ಕಂಪನಿ ಗೇಟಲ್ಲಿ ಮಾಲಿನ ಲಾಟ್ ಇಳೀದಿದ್ರೆ ಬೈಸ್ಕೊಳ್ಳೋದೂ ನೀವೇ.”

“ಇವತ್ತಿಂದ ನನ್ನ ಬೈಯೋ ಗಂಡ್ಸು ಯಾವನೂ ಇಲ್ಲ ಕಣೋ. ಮಿಷನ್ ನಿಲ್ಸು, ನೆಲ ತೊಳಿ. ಜಪಾನ್‌ನೋರು ಶೆಡ್ ನೋಡ್ತೀವಿ ಅಂತ ಬಂದ್ಬಿಟ್ರೆ ಈ ಎಣ್ಣೆ ರಾಡಿ ಮೇಲೆ ಜಾರಿ ಬೀಳ್ಬೇಕಾ ಅವ್ರು?”

“ಅವ್ರು ಬರಲ್ಲ ಅಣ್ಣ.”

“ಯಾಕ್ ಬರಲ್ಲ? ನಿಂಗೆ ಫೋನ್ ಮಾಡಿ ಹೇಳಿದ್ರಾ? ಹತ್ತೊಂಬತ್ತು ವರ್ಷದಿಂದ ಅದೇ ಬುಷ್ ಕಡ್ಕೊಂಡು ಕಡ್ಕೊಂಡು ನಿನ್ನ ತಲೆನೂ ಅಷ್ಟೇ ಅಗಲ ಆಗಿದೆ.”

ಮುಜಫ್ಫರ್ ಲೇತ್ ನಿಲ್ಲಿಸಿದ. ಬಕೆಟ್ ಹಿಡಿದು ನಲ್ಲಿಯ ಕಡೆ ಹೋದ. ಅವನು ತಿರುಗಿ ಬೈದಿದ್ದರೆ ಆವಲಪ್ಪನಿಗೆ ಸಮಾಧಾನವಾಗುತ್ತಿತ್ತು. ಹಾಗೆ ಸುಮ್ಮನೆ ಹೋದದ್ದು ಹಲ್ಲಿನ ಸಂದಿಗೆ ಸಿಕ್ಕ ತೆಂಗಿನ ನಾರಿನ ಹಾಗೆ ದಿನವಿಡೀ ಕಾಡಿತು.

ಗೊರಗುಂಟೆಪಾಳ್ಯದ ಸಿಗ್ನಲ್ಲಿನಿಂದ ಒಳಗೆ ತಿರುಗಿದರೆ ಸಿಗುವ ಗಲ್ಲಿಯಲ್ಲಿ ಸಾಲಾಗಿ ಹನ್ನೊಂದು ಶೆಡ್ಡುಗಳು. ಆರನೆಯದು ಆವಲಪ್ಪನದು. ಕಂಚು ಕಡೆಯುವ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಒಬ್ಬ ಮುಜಫ್ಫರ್: ಇದಿಷ್ಟು ಅವನ ಆಸ್ತಿ. ಅಲ್ಲಿ ತಯಾರಾಗುತ್ತಿದ್ದದ್ದು ಬುಷ್ ಎಂಬ ಒಂದೇ ಒಂದು ವಸ್ತು. ನೀರಿನ ಪಂಪಿನೊಳಗೆ ತಿರುಗುವ ಸರಳಿಗೆ ಆಸರೆಯಾಗಿ ಕೂರುವ, ಮಗುವಿನ ಬಳೆಯಷ್ಟು ಅಗಲದ ಕಂಚಿನ ತುಂಡು. ಕೊಳ್ಳುವವರೂ ಒಬ್ಬರೇ, ತುಮಕೂರು ರಸ್ತೆಯ ಪಂಪ್ ಕಂಪನಿ. ಆ ಕಂಪನಿಯ ಖರೀದಿ ಅಧಿಕಾರಿ ಸುರೇಶ ಬೆಳಿಗ್ಗೆ ಯಾವ ಮಗ್ಗುಲಲ್ಲಿ ಎದ್ದ ಎಂಬುದರ ಮೇಲೆ ಆವಲಪ್ಪನ ಮನೆಯ ಒಲೆ ಉರಿಯುತ್ತಿತ್ತು. ಒಂಬತ್ತು ವರ್ಷ ಅವನ ಮೇಜಿನ ಮುಂದೆ ಕೈಕಟ್ಟಿ ನಿಂತು ಆವಲಪ್ಪನಿಗೆ ಸಾಕಾಗಿತ್ತು. ಇನ್ನೊಬ್ಬ ಗಿರಾಕಿ ಸಿಕ್ಕರೆ ಸಾಕು ಎಂದು ಅವನು ಹರಕೆ ಹೊರದ ದೇವರಿರಲಿಲ್ಲ.

ಅದು ಎರಡು ಸಾವಿರದ ಹತ್ತನೆಯ ಇಸವಿ. ಜಪಾನಿನ ಜೊತೆ ವ್ಯಾಪಾರದ ಒಪ್ಪಂದ ಆಗುತ್ತದೆ, ಆಗುತ್ತಲೇ ಇದೆ ಎಂದು ಪೇಪರಿನವರು ಬರೆಯುತ್ತಿದ್ದ ಕಾಲ. ಗಲ್ಲಿಯ ಮೂಲೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಶಿವರಾಮ ಹೋದ ವಾರ ನಾಲ್ಕು ಪುಟದ ಇಂಗ್ಲಿಷ್ ಕಾಗದ ಹಿಡಿದು ಬಂದಿದ್ದ. ವಿದೇಶಿ ವ್ಯಾಪಾರ ಮಂಡಳಿ ಅಂತ ಒಂದಿದೆ, ದೊಡ್ಡ ದೊಡ್ಡ ಹೊರದೇಶದ ಕಂಪನಿಗಳೇ ಅದರ ಮೆಂಬರುಗಳು, ಜಪಾನು ನಮಗೆ ಇನ್ನೂ ಹತ್ತಿರ ಆಗಬೇಕು ಅಂತ ಸರ್ಕಾರಕ್ಕೆ ಮನವಿ ಕೊಡುತ್ತಿದ್ದಾರೆ, ಸಣ್ಣ ಕೈಗಾರಿಕೆಯವರ ಸಹಿ ಬೇಕಂತೆ ಎಂದ.

“ಸೈನ್ ಹಾಕಿದ್ರೆ ಏನಾಗುತ್ತೆ?” ಎಂದು ಆವಲಪ್ಪ ಕೇಳಿದ್ದ.

“ಜಪಾನ್‌ನೋರು ಬರ್ತಾರೆ. ಬಂದ್ರೆ ವ್ಯಾಪಾರ ಆಗುತ್ತೆ. ಇದ್ರಲ್ಲಿ ತಿಳ್ಕೊಳ್ಳೋದೇನಿದೆ ಗುರು?”

ಹನ್ನೊಂದು ಶೆಡ್ಡಿನವರೂ ಸಹಿ ಹಾಕಿದರು. ಮೊದಲ ಸಹಿ ಆವಲಪ್ಪನದು. ಕಾಗದ ಓದಿದವರು ಯಾರೂ ಇಲ್ಲ. ಮಂಡಳಿಯ ಸಭೆಗೆ ಅಷ್ಟೂ ಬ್ಯಾನರು ಹೊಡೆದುಕೊಡುವ ಕಂತ್ರಾಟು ಶಿವರಾಮನಿಗೆ ಸಿಕ್ಕಿದೆ ಎಂಬುದನ್ನು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ಇವತ್ತು ಆ ಸಭೆ. ಯಶವಂತಪುರದ ದೊಡ್ಡ ಹೋಟೆಲಿನಲ್ಲಿ. ಸಣ್ಣ ಕೈಗಾರಿಕೆಯ ಪರವಾಗಿ ವೇದಿಕೆಯ ಮೇಲೆ, ಮೊದಲ ಸಹಿ ಹಾಕಿದ ಆವಲಪ್ಪ.

ಸುದ್ದಿ ಗಲ್ಲಿಗೆಲ್ಲ ಹಬ್ಬಿದ್ದರಿಂದ ಬೆಳಿಗ್ಗೆ ಎಂಟಕ್ಕೇ ಶೆಡ್ಡಿನ ಮುಂದೆ ಜನ ನೆರೆದಿತ್ತು. ಶೆಡ್ಡುಗಳ ಮಾಲೀಕ ಮುನಿವೆಂಕಟಯ್ಯ ತನ್ನ ಮಗಳ ಮದುವೆಗೆ ಹೊಲಿಸಿದ್ದ ಕೋಟು ತಂದಿದ್ದ. ಮುನಿವೆಂಕಟಯ್ಯ ಸೌದೆ ಸೀಳಿನಂಥ ಆಳು, ಆವಲಪ್ಪ ಹಾಗಲ್ಲ. ಇಬ್ಬರು ಹಿಂದಿನಿಂದ ಎಳೆದು, ಒಬ್ಬ ಮುಂದಿನಿಂದ ಹೊಟ್ಟೆ ಒತ್ತಿ ಗುಂಡಿ ಹಾಕಿದರು. ಕೋಟು ತೊಟ್ಟ ಆವಲಪ್ಪ ದಿಂಬಿನ ಕವರಿಗೆ ತುರುಕಿದ ಹಾಸಿಗೆಯ ಹಾಗೆ ಕಂಡ.

“ಉಸ್ರು ಜಾಸ್ತಿ ಎಳ್ಕೋಬೇಡ ಕಣಪ್ಪ,” ಎಂದ ಮುನಿವೆಂಕಟಯ್ಯ. “ಬಟ್ಟೆ ಒಳ್ಳೇದು.”

ಶಿವರಾಮ ಬಗ್ಗುವುದನ್ನು ಕಲಿಸಿದ. “ಅವ್ರು ಎಷ್ಟು ಬಗ್ತಾರೋ ಅದಕ್ಕಿಂತ ಒಂದಿಂಚು ಜಾಸ್ತಿ ಬಗ್ಬೇಕು. ವಿಸಿಟಿಂಗ್ ಕಾರ್ಡು ಎರಡೂ ಕೈಲಿ ಕೊಡ್ಬೇಕು, ಮಂಗಳಾರತಿ ತಟ್ಟೆ ಥರ.”

ಟೀ ಅಂಗಡಿಯ ದ್ರೌಪದಮ್ಮ ದೂರದಿಂದಲೇ ನೋಡುತ್ತಿದ್ದಳು. “ಅವ್ರು ಟೀಗೆ ಹಾಲೂ ಹಾಕಲ್ವಂತೆ, ಸಕ್ರೆನೂ ಹಾಕಲ್ವಂತೆ. ಅಂಥವ್ರು ನಿಂಗೇನ್ ಕೊಟ್ಟಾರು ಆವಲಪ್ಪ?”

“ನೀನು ಸುಮ್ನೆ ಬೋಂಡ ಕರಿ,” ಎಂದು ಶಿವರಾಮ ಗದರಿದ.

ಮುಜಫ್ಫರ್ ಒಬ್ಬನೇ ನೆಲ ಉಜ್ಜುತ್ತಿದ್ದ. ಹೊರಡುವಾಗ ಆವಲಪ್ಪ ಅವನತ್ತ ನೋಡಲಿಲ್ಲ. ನೋಡಬೇಕೆಂದಿದ್ದರೂ ಕೋಟಿನಲ್ಲಿ ಕುತ್ತಿಗೆ ತಿರುಗುತ್ತಿರಲಿಲ್ಲ.

ಆಟೋ ಮೆಟ್ರೋ ಕಾಮಗಾರಿಯ ಗುಂಡಿಗಳ ನಡುವೆ ಸಿಕ್ಕಿಕೊಂಡಿದ್ದಾಗ ಫೋನು ಬಂತು. ಸುರೇಶ.

“ಏನಪ್ಪಾ ಆವಲಪ್ಪ, ಲಾಟ್ ಹೊರಟ್ತಾ?”

ಒಂಬತ್ತು ವರ್ಷ ನಿಂತ ಕಾಲುನೋವು ಒಮ್ಮೆಗೇ ಆವಲಪ್ಪನ ಬಾಯಿಗೆ ಬಂತು. “ಲಾಟ್ ಇಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ. ಒಂಬತ್ತು ವರ್ಷದಲ್ಲಿ ಒಂದಿನ ಕೂತ್ಕೊ ಅಂತ ಒಂದು ಕುರ್ಚಿ ಕೊಟ್ಟಿದೀಯೇನಯ್ಯ ನೀನು? ಇವತ್ತು ನಾನು ಸ್ಟೇಜ್ ಮೇಲೆ ಕೂತ್ಕೊತೀನಿ, ಜಪಾನ್‌ನೋರ ಪಕ್ಕ. ಬುಷ್ ಬೇಕಾದ್ರೆ ಇನ್ಮೇಲೆ ನೀನೇ ಬಂದು ನನ್ನ ಶೆಡ್ ಮುಂದೆ ನಿಂತ್ಕೊ.”

ಆಟೋದವನು ಕನ್ನಡಿಯಲ್ಲಿ ನೋಡಿದ. ಆ ಕಡೆಯಿಂದ ಸುರೇಶ ಬಹಳ ಮರ್ಯಾದೆಯಿಂದ ಹೇಳಿದ: “ಸರಿ ಆವಲಪ್ಪನೋರೆ. ಹಂಗಾದ್ರೆ ಅಲ್ಲೇ ಸಿಗೋಣ.”

ಆ ಕೊನೆಯ ಮಾತನ್ನು ಆವಲಪ್ಪ ಗಮನಿಸಲಿಲ್ಲ. ಮರ್ಯಾದೆ ಬಂದದ್ದಷ್ಟೇ ಅವನಿಗೆ ಕೇಳಿಸಿತು.

ಹೋಟೆಲಿನಲ್ಲಿ ಅವನಿಗೆ ನಿಜವಾಗಿಯೂ ಕುರ್ಚಿ ಕೊಟ್ಟರು. ಮೆತ್ತನೆಯದು. ತಲೆಗೆ ಪೇಟ ಇಟ್ಟರು, ಹೆಗಲಿಗೆ ಶಾಲು. ಮಂಡಳಿಯ ಅಧ್ಯಕ್ಷ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಮಾತಾಡಿದ. ಮಧ್ಯೆ ಮಧ್ಯೆ ಆವಲಪ್ಪನ ಕಡೆ ಕೈ ತೋರಿಸಿದ. ಆಗೆಲ್ಲ ಜನ ಚಪ್ಪಾಳೆ ತಟ್ಟಿದರು, ಆವಲಪ್ಪನೂ ತಟ್ಟಿದ. ಎರಡು ಮಾತಾಡಿ ಅಂತ ಮೈಕು ಕೊಟ್ಟಾಗ ಎದ್ದು ನಿಂತು, “ಜಪಾನ್‌ನೋರು ಬರ್ಬೇಕು. ಬಾಗಿಲು ಪೂರ್ತಿ ತೆಗೀಬೇಕು. ನಾವು ರೆಡಿ ಇದೀವಿ,” ಎಂದ. ದುಭಾಷಿಯಾಗಿ ಬಂದಿದ್ದ ತೇಜಸ್ವಿನಿ ಎಂಬ ಹುಡುಗಿ ಅದನ್ನು ಜಪಾನಿಯಲ್ಲಿ ಹೇಳಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಹನ್ನೆರಡು ಜಪಾನಿಗಳು ಎದ್ದು ಬಗ್ಗಿದರು. ಆವಲಪ್ಪ ಒಂದಿಂಚು ಜಾಸ್ತಿ ಬಗ್ಗಿದ. ಕೋಟಿನ ಬೆನ್ನು ಕತ್ತಿನಿಂದ ಸೊಂಟದವರೆಗೆ ಬಿರಿಯಿತು. ಆ ಸದ್ದು ಮೈಕಿನಲ್ಲಿ ಕೇಳಿಸಿ ಹಿಂದಿನ ಸಾಲಿನವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಶಿವರಾಮ ಫೋಟೋ ಹೊಡೆದುಕೊಂಡು, ಕೈಯಲ್ಲೇ ಶಹಬ್ಬಾಸ್ ಅಂತ ಸನ್ನೆ ಮಾಡಿ ಗಲ್ಲಿಯ ಕಡೆ ಓಡಿದ.

ಊಟವಾದ ಮೇಲೆ ವ್ಯಾಪಾರದ ಮಾತುಕತೆ. ಒಂದೊಂದು ಮೇಜಿಗೆ ಒಂದೊಂದು ಜಪಾನಿ ಕಂಪನಿ. ಆವಲಪ್ಪನಿಗೆ ನಾಲ್ಕನೆಯ ಮೇಜು. ಅಲ್ಲಿದ್ದವನು ಅವನದೇ ವಯಸ್ಸಿನ, ದಪ್ಪ ಕನ್ನಡಕದ, ದಣಿದ ಮುಖದ ಮನುಷ್ಯ. ಇಬ್ಬರೂ ಕಾರ್ಡು ಕೊಟ್ಟರು. ಇವನು ಬಗ್ಗಿದ, ಅವನು ಬಗ್ಗಿದ, ಇವನು ಮತ್ತೆ ಬಗ್ಗಿದ. ಬೇಲಿಯ ಮೇಲಿನ ಎರಡು ಓತಿಕ್ಯಾತಗಳಂತೆ ಸ್ವಲ್ಪ ಹೊತ್ತು ತಲೆ ಆಡಿಸಿ ಕೊನೆಗೆ ಕೂತರು. ತೇಜಸ್ವಿನಿ ಇನ್ನೊಂದು ಮೇಜಿನಲ್ಲಿದ್ದಳು. ನಾಲ್ಕು ಮೇಜಿಗೆ ಅವಳೊಬ್ಬಳೇ.

ಜಪಾನಿಯವನು ಪುಟ್ಟ ಡಬ್ಬಿ ತೆರೆದು ಒಂದು ಬುಷ್ ತೆಗೆದು ಮೇಜಿನ ಮೇಲಿಟ್ಟ. ಆವಲಪ್ಪನ ಎದೆ ಹಿಗ್ಗಿತು. ಅದೇ ಅಳತೆ, ಅದೇ ಅಂಚು. ಇಂಥದ್ದು ಬೇಕು ಅಂತ ಮಾದರಿ ತಂದಿದ್ದಾನೆ. ಜೇಬಿನಿಂದ ಮುಜಫ್ಫರ್ ಕಡೆದ ಬುಷ್ ತೆಗೆದು ಅದರ ಪಕ್ಕಕ್ಕಿಟ್ಟ. ಜಪಾನಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿದ, ಉಗುರಿನಿಂದ ಅಂಚು ಸವರಿದ, ಗೌರವದಿಂದ ತಲೆದೂಗಿದ. ಆಮೇಲೆ ಚೀಟಿಯ ಮೇಲೆ ಐವತ್ತೆಂಟು ಎಂದು ಅಂಕಿ ಬರೆದು ಮುಂದೆ ತಳ್ಳಿದ.

ಸುರೇಶನೇ ಒಂದಕ್ಕೆ ಅರವತ್ತೆರಡು ರೂಪಾಯಿ ಕೊಡುತ್ತಾನೆ. ಆವಲಪ್ಪ ತಲೆ ಅಡ್ಡಡ್ಡ ಆಡಿಸಿ ಚೀಟಿ ಹಿಂದಕ್ಕೆ ತಳ್ಳಿದ.

ಜಪಾನಿಯವನು ಯೋಚಿಸಿ ಐವತ್ತನಾಲ್ಕು ಬರೆದ.

ಆವಲಪ್ಪನ ಕಿವಿ ಬಿಸಿಯಾಯಿತು. ಚೌಕಾಸಿಯಲ್ಲಿ ಕೊಳ್ಳುವವನು ಏರಬೇಕು, ಇದೆಂಥ ಊರಿನ ಪದ್ಧತಿ? ಹೆಬ್ಬೆರಳು ಮೇಲೆ ಮಾಡಿ ಏರಿಸು ಎಂದು ತೋರಿಸಿದ. ಜಪಾನಿಯವನು ಅದನ್ನು ಮೆಚ್ಚುಗೆ ಎಂದುಕೊಂಡು ಸಣ್ಣಗೆ ನಕ್ಕ. ಆವಲಪ್ಪ ಮತ್ತೆ ಜೋರಾಗಿ ತಲೆ ಆಡಿಸಿದ. ನಗು ನಿಂತಿತು. ಅವನು ಹಣೆ ಒರೆಸಿಕೊಂಡ, ಕ್ಯಾಲ್ಕ್ಯುಲೇಟರ್ ಒತ್ತಿದ, ಕಣ್ಣು ಮುಚ್ಚಿ ತೆಗೆದು ಐವತ್ತೊಂದು ಎಂದು ಬರೆದ.

ಆವಲಪ್ಪ ಎದ್ದು ನಿಂತು ಮೇಜು ಗುದ್ದಿದ. “ಏನ್ ಹುಡುಗಾಟ ಆಡ್ತಿದೀಯೇನಯ್ಯ? ಅರವತ್ತೆರಡಕ್ಕೆ ಒಂದು ಪೈಸೆ ಕಮ್ಮಿ ಆದ್ರೂ ನಾನು ಕೊಡಲ್ಲ.”

ತೇಜಸ್ವಿನಿ ಓಡಿ ಬಂದಳು. ಚೀಟಿ ನೋಡಿದಳು, ಜಪಾನಿಯವನ ಹತ್ತಿರ ಅವನ ಭಾಷೆಯಲ್ಲಿ ವಿಚಾರಿಸಿದಳು, ಇಬ್ಬರ ಮುಖ ನೋಡಿದಳು. “ಸಾರ್, ಒಂದ್ನಿಮಿಷ. ಏನಂದ್ರಿ, ಕೊಡಲ್ಲ ಅಂದ್ರಾ? ನೀವ್ ಯಾಕ್ ಸಾರ್ ಕೊಡೋದು? ಕೊಡೋಕೆ ಬಂದಿರೋದು ಅವ್ರು. ನಿಮಗೆ ಎಷ್ಟು ಬುಷ್ ಬೇಕು ಅಂತ ಕೇಳ್ತಿದಾರೆ.”

“ನಂಗಾ? ಬುಷ್ಷಾ?”

“ಅವ್ರದ್ದೂ ಚಿಕ್ಕ ಶೆಡ್ಡಂತೆ ಸಾರ್. ಹದಿನಾಲ್ಕು ಜನ ಇದಾರಂತೆ. ಅವರೂರಲ್ಲಿ ಆರ್ಡರ್ ನಿಂತೋಗಿದೆಯಂತೆ, ಅದಕ್ಕೇ ಇಷ್ಟು ದೂರ ಬಂದಿದಾರೆ. ಐವತ್ತೊಂದಕ್ಕಿಂತ ಕೆಳಗೆ ಇಳಿದ್ರೆ ಬಾಗಿಲು ಹಾಕ್ಬೇಕಾಗುತ್ತಂತೆ.”

ಆವಲಪ್ಪ ಜಪಾನಿಯವನನ್ನು ನೋಡಿದ. ಜಪಾನಿಯವನು ಆವಲಪ್ಪನನ್ನು ನೋಡಿದ. ಸುರೇಶನ ಮೇಜಿನ ಮುಂದೆ ನಿಂತಾಗ ತನ್ನ ಮುಖ ಹೇಗಿರುತ್ತಿತ್ತು ಎಂದು ಆವಲಪ್ಪನಿಗೆ ಮೊದಲ ಸಲ ಕಾಣಿಸಿತು.

ಹಿಂದಿನಿಂದ ಒಂದು ಕೈ ಬಂದು ಮೇಜಿನ ಮೇಲಿನ ಚೀಟಿ ಎತ್ತಿಕೊಂಡಿತು. ಸುರೇಶ.

“ಮೂರು ದಿನದಿಂದ ನಾವು ತಲೆ ಚಚ್ಕೊಂಡ್ರೂ ಐವತ್ತೆಂಟರಿಂದ ಇಳಿದಿರ್ಲಿಲ್ಲ ಈ ಪುಣ್ಯಾತ್ಮ,” ಎಂದ ಅವನು. “ಒಂದ್ ಗಳಿಗೇಲಿ ಐವತ್ತೊಂದಕ್ಕೆ ತಂದ್ರಿ. ಸುಂಕ ತೆಗೆದ ಮೇಲೆ ಅದೇ ರೇಟಿಗೆ ನಮ್ಮ ಗೇಟಿಗೆ ಬಂದು ಬೀಳುತ್ತೆ.”

“ಯಾವ ಸುಂಕ?”

“ನಿಮ್ಮ ಕಾಗದದಲ್ಲೇ ಇದೆಯಲ್ಲ ಸ್ವಾಮಿ. ಜಪಾನಿಂದ ಬರೋ ಬಿಡಿಭಾಗಗಳ ಮೇಲೆ ಸುಂಕ ಬೇಡ ಅಂತ ಸಣ್ಣ ಕೈಗಾರಿಕೆಯವರೇ ಕೇಳ್ತಿದಾರೆ ಅಂತ. ಬುಷ್ ಅಂತ ಹೆಸರು ಹಾಕೇ ಬರೆದಿದೆ. ಮೊದಲ ಸೈನ್ ನಿಮ್ಮದು.” ಅವನು ಒಂದು ಕುರ್ಚಿ ಎಳೆದ. “ನಿಂತೇ ಇದೀರಲ್ಲ, ಕೂತ್ಕೊಳ್ಳಿ ಆವಲಪ್ಪನೋರೆ.”

ಆವಲಪ್ಪ ಕೂರಲಿಲ್ಲ. ಬೆನ್ನು ಹರಿದ ಕೋಟಿನಲ್ಲಿ, ಪೇಟ ಕಂಕುಳಲ್ಲಿ ಇಟ್ಟುಕೊಂಡು, ಯಶವಂತಪುರದಿಂದ ಗೊರಗುಂಟೆಪಾಳ್ಯದವರೆಗೆ ನಡೆದೇ ಬಂದ. ದಾರಿಯುದ್ದಕ್ಕೂ ಒಂದೇ ಯೋಚನೆ. ಹೋಗಿ ಮುಜಫ್ಫರನ ಕೈ ಹಿಡಿದುಕೊಳ್ಳಬೇಕು. ತಪ್ಪಾಯಿತು ಮಾರಾಯ ಅನ್ನಬೇಕು. ಲೇತೂ ಇದೆ, ಇವನ ಕೈಯೂ ಇದೆ. ಬುಷ್ ಹೋದರೆ ಹೋಗಲಿ, ಇಬ್ಬರೂ ಸೇರಿ ಬೇರೆ ಏನಾದರೂ ಕಡೆಯೋಣ.

ಗಲ್ಲಿಗೆ ತಿರುಗಿದರೆ ಅಡ್ಡಲಾಗಿ ಫ್ಲೆಕ್ಸು. ಹತ್ತಡಿ ಅಗಲ. ಆವಲಪ್ಪ ಜಪಾನಿಗಳ ಮುಂದೆ ಬಗ್ಗಿರುವ ಫೋಟೋ. ಮೇಲೆ ‘ಜಪಾನ್ ಗೆದ್ದ ನಮ್ಮ ಆವಲಪ್ಪನವರಿಗೆ ಹಾರ್ದಿಕ ಅಭಿನಂದನೆಗಳು’. ಕೆಳಗೆ ಶುಭ ಕೋರುವವರ ಮುಖಗಳು ಸಾಲಾಗಿ, ಒಂದೊಂದು ಗುಂಡನೆಯ ಚೌಕಟ್ಟಿನಲ್ಲಿ. ಎಲ್ಲಕ್ಕಿಂತ ದೊಡ್ಡದು ಶಿವರಾಮನದು. ಮುಜಫ್ಫರನ ಮುಖ ಇರಲಿಲ್ಲ.

ಜನ ಮುತ್ತಿಕೊಂಡರು. ದ್ರೌಪದಮ್ಮ ಬೆಳಗಿನ ಮಾತು ನುಂಗಿಕೊಂಡು ಮೈಸೂರುಪಾಕು ತಂದಳು. ಮುನಿವೆಂಕಟಯ್ಯ ಕೋಟಿನ ಬೆನ್ನು ನೋಡಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡು, “ಹೋಗ್ಲಿ ಬಿಡು. ಆರ್ಡರ್ ಬಂದ್ ಮೇಲೆ ಹತ್ತು ಹೊಲ್ಸೋಣ,” ಎಂದ.

ಮುಜಫ್ಫರ್ ಶೆಡ್ಡಿನಿಂದ ಹೊರಗೆ ಬಂದ. ನೆಲ ತೊಳೆದಿದ್ದ. ಆಮೇಲೆ ಲೇತ್ ಹಾಕಿ ಲಾಟನ್ನೂ ಮುಗಿಸಿದ್ದ. ಬುಷ್‌ಗಳು ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದವು. ಅವನು ಕೈ ತೊಳೆದು, ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ಹಾಕಿದ್ದ.

“ಅಣ್ಣ, ಒಂದ್ ಮಾತ್ ಕೇಳ್ತೀನಿ, ನಿಜ ಹೇಳಿ. ಆರ್ಡರ್ ಪಕ್ಕಾನಾ?”

ಗಲ್ಲಿಗೆ ಗಲ್ಲಿಯೇ ಆವಲಪ್ಪನ ಬಾಯಿ ನೋಡುತ್ತಿತ್ತು. ಮೇಲೆ ಫ್ಲೆಕ್ಸು ಗಾಳಿಗೆ ಪಟಪಟ ಅನ್ನುತ್ತಿತ್ತು.

“ಪಕ್ಕಾ,” ಎಂದ ಆವಲಪ್ಪ.

“ಎಷ್ಟು?”

“ತಿಂಗಳಿಗೆ ಇಪ್ಪತ್ತು ಸಾವಿರ ಬುಷ್.”

ಜನ ಹೋ ಎಂದರು. ಮುಜಫ್ಫರನ ಮುಖ ಅರಳಿತು. ಹತ್ತೊಂಬತ್ತು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ಆವಲಪ್ಪ ನೋಡಿರಲಿಲ್ಲ.

“ಅಲ್ಲಾ ದೊಡ್ಡೋನು. ಈಗ ನಂಗೆ ಸಮಾಧಾನ ಆಯ್ತು. ಹೊಸೂರಲ್ಲಿ ಒಬ್ರು ಮೂರು ತಿಂಗಳಿಂದ ಫೋರ್‌ಮನ್ ಕೆಲ್ಸಕ್ಕೆ ಕರೀತಿದಾರೆ ಅಣ್ಣ. ನಾನ್ ಹೋದ್ರೆ ನಿಮ್ ಶೆಡ್ ಮುಳುಗುತ್ತೆ ಅಂತ ಆಗಲ್ಲ ಆಗಲ್ಲ ಅಂತಿದ್ದೆ. ಇವತ್ತೇ ಕೊನೇ ದಿನ, ಏನಾದ್ರೂ ಹೇಳು ಅಂದಿದಾರೆ. ಇನ್ನೇನು, ನಿಮಗೆ ಇಪ್ಪತ್ತು ಸಾವಿರ ಬಂತು. ದೊಡ್ಡ ಮಿಷನ್ನು ತಗೋತೀರ, ಓದಿರೋ ಹುಡುಗ್ರು ಬರ್ತಾರೆ. ಬುಷ್ಷಿನಷ್ಟೇ ಅಗಲದ ತಲೆ ಇಟ್ಕೊಂಡು ನಾನೇನ್ ಮಾಡ್ಲಿ ಇಲ್ಲಿ?”

ಕೊನೆಯ ಮಾತನ್ನು ಅವನು ನಗುತ್ತಲೇ ಹೇಳಿದ. ಅದರಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಜಗಳ ಆಡಿಯಾದರೂ ನಿಲ್ಲಿಸಿಕೊಳ್ಳಬಹುದಿತ್ತು.

ಆವಲಪ್ಪ ಬಾಯಿ ತೆರೆದ. ಹನ್ನೊಂದು ಶೆಡ್ಡಿನವರು, ದ್ರೌಪದಮ್ಮ, ಶಿವರಾಮ ಎಲ್ಲರೂ ಬಾಯಲ್ಲಿ ಮೈಸೂರುಪಾಕು ಇಟ್ಟುಕೊಂಡು ನೋಡುತ್ತಿದ್ದರು. “ಟೀ ಕುಡ್ಕೊಂಡ್ ಹೋಗೋ,” ಎಂದಷ್ಟೇ ಹೊರಗೆ ಬಂತು.

“ಬೇಡ ಅಣ್ಣ, ಹೊಸೂರ್ ಬಸ್ ತಪ್ಪೋಗುತ್ತೆ.”

ಅವನು ಶೆಡ್ಡಿನ ಬೀಗದ ಕೈಯನ್ನು ಆವಲಪ್ಪನ ಅಂಗೈಯಲ್ಲಿಟ್ಟ, ಎರಡೂ ಕೈಯಿಂದ. ಫ್ಲೆಕ್ಸಿನ ಕೆಳಗೆ ತಲೆ ಬಗ್ಗಿಸಿ ದಾಟಿ ಸಿಗ್ನಲ್ಲಿನ ಕಡೆ ನಡೆದ. ಶಿವರಾಮ ಪಟಾಕಿಗೆ ಬೆಂಕಿ ಹಚ್ಚಿದ. ಹೊಗೆ ಕರಗುವಷ್ಟರಲ್ಲಿ ರಸ್ತೆ ಖಾಲಿಯಾಗಿತ್ತು. ಮರುದಿನ ಎಂಟಕ್ಕೆ ಶಟರ್ ಎತ್ತಿ ಹತ್ತರವರೆಗೂ ಆವಲಪ್ಪ ಬಾಗಿಲಲ್ಲೇ ನಿಂತಿದ್ದ. ಮುಜಫ್ಫರ್ ಬರಲಿಲ್ಲ.