ಅಂಟು ಒಣಗುವ ತನಕ

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಈ ಲೋಕದಲ್ಲಿ ಇರುವುದು ಒಬ್ಬನೇ ಶತ್ರು. ಗಾಳಿ! ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಕಡೆ ಮನೆ ಮಾಡಿಕೊಂಡು ಗಾಳಿಯ ಮೇಲೆ ಹಗೆ ಸಾಧಿಸುವವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಎಲ್ಲಕ್ಕೂ ಕಾರಣ ಹಲಸಿನ ಹಪ್ಪಳ. ಒಣಗಿದ ಹಪ್ಪಳ ಡಬ್ಬಿ ಸೇರಿದ ಮೇಲೆ ಮುಚ್ಚಳದ ಸುತ್ತ ಮೈದಾ ಅಂಟು ಸವರಿ, ಹಳೆ ಪೇಪರು ಸುತ್ತಿ, "ಮೂರು ದಿನ ಯಾರೂ ಮುಟ್ಟೂಕಾಗ, ಅಂಟು ಒಣಗ್ಲಿ" ಎಂದು ಅಪ್ಪಣೆ ಕೊಡಿಸುತ್ತಾಳೆ. ಆಮೇಲಾದರೂ ಮುಟ್ಟಬಹುದೇ? ನೆಂಟರು ಬರದೆ ಡಬ್ಬಿ ಬಿಚ್ಚಿದ್ದೇ ಇಲ್ಲ! ಒಮ್ಮೆ ಕುಮಟಾ ಬಸ್ಸಿನಲ್ಲಿ ಹಪ್ಪಳದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು, ಅಕ್ಕಪಕ್ಕದವರ ಕಿಟಕಿಗಳನ್ನೂ ಎಳೆದು ಮುಚ್ಚಿದಳು.

"ಸೆಕೆ ಅಮ್ಮಾ, ಗಾಳಿ ಬರ್ಲಿ" ಎಂದ ಕಂಡಕ್ಟರ್.

"ಹಪ್ಪಳ ಮೆತ್ತಗಾದ್ರೆ ನೀ ತಿಂತ್ಯಾ?" ಎಂದಳು ಅತ್ತೆ. ಕುಮಟಾ ಬರುವವರೆಗೆ ಇಡೀ ಬಸ್ಸು ಬೆವರಿತು.

ಅಂಥವಳ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿತು. ಮಂಗಳೂರಿನಲ್ಲಿ ಆಪರೇಷನ್ ಆಯಿತು. "ಹೊಲಿದ ಜಾಗದಲ್ಲಿ ಗಾಳಿ ಸೋರದಂತೆ ಒಂದು ಬಗೆಯ ಅಂಟು ಹಚ್ಚಿದ್ದೇವೆ" ಎಂದರು ಡಾಕ್ಟರು. ಅತ್ತೆಯ ಎದೆಯಿಂದ ಹೊರಟ ನಳಿಗೆ ಮಂಚದ ಕೆಳಗಿನ ನೀರಿನ ಬಾಟಲಿ ಸೇರಿತ್ತು. ಕೆಮ್ಮಿದಾಗ ಬಾಟಲಿಯಲ್ಲಿ ಗುಳ್ಳೆ ಎದ್ದರೆ ಗಾಳಿ ಇನ್ನೂ ಸೋರುತ್ತಿದೆ ಎಂದರ್ಥ.

"ಕೆಮ್ಮಿ ಅಮ್ಮಾ" ಎಂದರು ಡಾಕ್ಟರು.

ಅತ್ತೆ ತುಟಿ ಬಿಚ್ಚಲಿಲ್ಲ! ಊರಿಗೆಲ್ಲ ಕೇಳುವಂತೆ ಬಯ್ಯುವ ಬಾಯಿಗೆ ಬೀಗ! ಎದೆ ಮುಟ್ಟಿ ತೋರಿಸಿ ಮೂರು ಬೆರಳು ಎತ್ತಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಅಂಟು ಒಣಗಲು ಮೂರು ದಿನ!

"ಅದು ಹಚ್ಚಿದಾಗಲೇ ಗಟ್ಟಿಯಾಗಿದೆ. ಕೆಮ್ಮದಿದ್ದರೆ ಕಫ ಕಟ್ಟಿಕೊಂಡು ಜೀವಕ್ಕೇ ತೊಂದರೆ" ಎಂದರು ಅವರು. ಡಬ್ಬಿ ಮುಚ್ಚಲು ಬಾರದವರನ್ನು ನೋಡುವಂತೆ ಅತ್ತೆ ಅವರನ್ನು ನೋಡಿದಳು.

ಮರುದಿನ ಬೆರಳು ಎರಡಕ್ಕೆ ಇಳಿದಿತ್ತು. ಎದೆಯೊಳಗೆ ಗೊರಗೊರ ಸದ್ದು.

"ಅತ್ತೆ, ಬರೂ ಗಡಿಬಿಡಿಲಿ ಹಪ್ಪಳದ ಡಬ್ಬಿ ತೆಗ್ದಿದ್ದೆ. ಮುಚ್ಚೂಕೆ ಮರ್ತೆ" ಎಂದುಬಿಟ್ಟೆ.

"ಎಂತದಾ? ಈ ಮಳೆಗಾಲದಲ್ಲಾ? ನಿಂಗೆ ಬುದ್ಧಿ ಬರೂದು ಯಾವಾಗಾ?"

ಬಯ್ಗುಳದ ನಡುವೆ ಕೆಮ್ಮು, ಕೆಮ್ಮಿನ ನಡುವೆ ಬಯ್ಗುಳ! ನರ್ಸ್‌ಗಳು ಓಡಿಬಂದರು. ಕಫ ಹೊರಬಿತ್ತು. ಡಾಕ್ಟರು ಬಗ್ಗಿ ಬಾಟಲಿ ನೋಡಿದರು. ಒಂದೇ ಒಂದು ಗುಳ್ಳೆ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಮೆಲ್ಲಗೆ ಕೇಳಿದಳು, "ಡಬ್ಬಿ ನಿಜಕ್ಕೂ ತೆಗ್ದ್ಯಾ, ತಮಾ?"

"ಇಲ್ಲ ಅತ್ತೆ. ನೀ ಎರಡು ದಿನ ಬಯ್ಲೇ ಇಲ್ಲ. ಹೆದ್ರಿಕೆ ಆತು."

ತಾಯಿಯಿಲ್ಲದ ನನ್ನನ್ನು ಬಯ್ಯುತ್ತಲೇ ಸಾಕಿದವಳು ಅವಳು. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು.

"ಮನೆಗೆ ಹೋದದ್ದೇ ಡಬ್ಬಿ ಬಿಚ್ಚು" ಎಂದಳು. "ನೆಂಟರು ಬರೂದು ಬ್ಯಾಡ. ನಾವಿಬ್ರೇ ತಿನ್ನುವಾ."